ಬೆಲ್ಲದ ರಕ್ತ

ಬೆಳಗಿನ ಆರಕ್ಕೇ ಕರೆಸಿದ್ದರು ನನ್ನನ್ನು,
ತೋರಣಗಲ್ಲಿನ ರನ್‌ವೇ ಪಕ್ಕದ ಶಾಮಿಯಾನಕ್ಕೆ.
ಹನ್ನೊಂದಕ್ಕೆ ವಿಮಾನ ಬೀಳುವುದಿದೆ,
ಅಷ್ಟರೊಳಗೆ ನಲವತ್ತು ಮಂದಿಗೆ ಗಾಯವಾಗಬೇಕು.

ವಿಮಾನವೆಂದರೆ ಒಂದು ಗುಜರಿ ಬಸ್ಸು.
ರೆಕ್ಕೆಯಿಲ್ಲ. ಹಣೆಯ ಮೇಲಿನ್ನೂ
ಕುಡತಿನಿ ಎಂಬ ಹೆಸರು ಅರ್ಧ ಅಳಿಸಿಕೊಂಡು ಕೂತಿದೆ.
ಸುತ್ತ ಹಳೇ ಟೈರು, ಎರಡು ಡಬ್ಬಿ ಡೀಸೆಲ್ಲು.

ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದವನು ನಾನು,
ಎಷ್ಟು ರಾಜರ ಎದೆಗೆ ಬಾಣ ನೆಟ್ಟಿದ್ದೇನೋ ಲೆಕ್ಕವಿಲ್ಲ.
ರಕ್ತಕ್ಕೆ ನನ್ನದೇ ಪಾಕ: ಬೆಲ್ಲ, ಕೆಂಪು ಬಣ್ಣ,
ಹಳತಾದ ರಕ್ತ ಬೇಕೆಂದರೆ ಚಿಟಿಕೆ ಕಾಫಿಪುಡಿ.
ಸುಟ್ಟಿದ್ದಕ್ಕೆ ತೆಳ್ಳನೆ ಕಾಗದ, ಗೋಂದು, ಕಾಡಿಗೆ.

ಸಾಹೇಬರು ಪಟ್ಟಿ ಕೊಟ್ಟರು:
ಹಸಿರು ಚೀಟಿ ಹದಿನೆಂಟು, ಹಳದಿ ಹನ್ನೆರಡು,
ಕೆಂಪು ಏಳು, ಕಪ್ಪು ಮೂರು.
ಕಪ್ಪೆಂದರೆ ಸತ್ತವರು.
"ಅವರಿಗೆ ಬಣ್ಣ ಕಡಿಮೆ ಸಾಕು."

ಸಾಯಲು ತಾನಾಗಿ ಮುಂದೆ ಬಂದವಳು ಹುಲಿಗೆಮ್ಮ,
ನರ್ಸಿಂಗ್ ಎರಡನೇ ವರ್ಷ, ಕಂಪ್ಲಿ ಕಡೆಯವಳು.
"ಮಲಗಿದ್ರ ಆತಲ್ಲ ಕಾಕಾ, ಒದರೋದು ತಪ್ತದ."
ಅವಳ ಕಿವಿಯಿಂದ ಕತ್ತಿನ ತನಕ
ಒಂದೇ ಒಂದು ಗೆರೆ ಇಳಿಸಿದೆ.

ಕೊನೆಗೆ ಬಂದ ಗಾದಿಲಿಂಗ.
ಕುಲುಮೆಯಲ್ಲಿ ಗುತ್ತಿಗೆ ಕೆಲಸ; ರಜೆಯ ದಿನ, ಇದಕ್ಕೂ ಕೂಲಿಯಂತೆ.
ಅಂಗಿ ತೋಳು ಮಡಚಿದ.
ಬಲ ಮೊಣಕೈಯಿಂದ ಮಣಿಕಟ್ಟಿನವರೆಗೆ
ಕಾಸಿದ ಹಾಲಿನ ಕೆನೆಯ ಹಾಗೆ
ಸುಕ್ಕುಗಟ್ಟಿ ನಿಂತ ಚರ್ಮ.
ಬ್ರಷ್ಷು ಹಿಡಿದವನು ಹಾಗೇ ಕೂತೆ.
"ಈ ಕೈಗೇನೂ ಬ್ಯಾಡ್ರಿ, ಆ ಕೈಗೆ ಹಚ್ಚರಿ" ಅಂದ.

ಸೈರನ್ನು. ಹೊಗೆ.
ಕೆಂಪು ಲಾರಿಗಳು ಬಂದವು; ಎರಡು ನಿಮಿಷ ಐವತ್ತು ಸೆಕೆಂಡೆಂದು
ಯಾರೋ ಗಡಿಯಾರ ಹಿಡಿದು ಕೂಗಿದರು, ಯಾರೋ ಚಪ್ಪಾಳೆ ತಟ್ಟಿದರು.
ನೊರೆ ನುಗ್ಗಿ ಕುಡತಿನಿಯನ್ನು ಪೂರ್ತಿ ಮುಚ್ಚಿತು.
ಗಾಯಾಳುಗಳು ಒದರಿದರು, ಕೆಲವರು ನಗುನಗುತ್ತ.
ಒಂದು ಆಂಬುಲೆನ್ಸು ಚಾಲೂ ಆಗಲೇ ಇಲ್ಲ. ನಾಲ್ವರು ತಳ್ಳಿದರು.
ಅದನ್ನೂ ಬರೆದುಕೊಂಡರು.

ಡಾಕ್ಟರು ಚೀಟಿ ಕಟ್ಟುತ್ತ ಬಂದರು.
ಗಾದಿಲಿಂಗನ ಎಡಗೈ ನೋಡಿ ಹಳದಿ ಎಂದರು.
ಆಮೇಲೆ ಬಲಗೈ ಎತ್ತಿ, ಬೆರಳಿನಿಂದ ಸವರಿ,
ನನ್ನ ಕಡೆ ತಿರುಗಿದರು:
"ಭಲೇ! ಇದು ನಿಜದ್ದೇ ಅನ್ನಿಸುತ್ತೆ."
ಅವನು ನನ್ನನ್ನು ನೋಡಿದ.
ಮೂವತ್ತು ವರ್ಷದ ಚಟ,
ಹೊಗಳಿಕೆ ಕಿವಿಗೆ ಬಿದ್ದದ್ದೇ ಕೈ ಮುಗಿದುಬಿಟ್ಟೆ.

ಸತ್ತವರನ್ನು ಕೊನೆಗೆ ಎತ್ತುವುದು ನಿಯಮ.
ನೆತ್ತಿ ಸೀಳುವ ಬಿಸಿಲು.
ಕೆಂಪು ಮಣ್ಣಿನಲ್ಲಿ ಹುಲಿಗೆಮ್ಮ,
ನಾನಿಳಿಸಿದ ಗೆರೆ ಹಿಡಿದು ಇರುವೆ ಸಾಲು
ಕತ್ತಿನಿಂದ ಕಿವಿಯ ಕಡೆ ಹೊರಟಿತ್ತು.
ಅವಳ ರೆಪ್ಪೆ ಅಲುಗಲಿಲ್ಲ.
ಹೋಗಿ ಒರೆಸೋಣವೆಂದರೆ
ನಡುವೆ ಹಗ್ಗ ಕಟ್ಟಿದ್ದರು.

ಮುಗಿದ ಮೇಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ.
ನಲ್ಲಿಯ ಕೆಳಗೆ ಗಾದಿಲಿಂಗ ಎಡಗೈ ತೊಳೆದ,
ಬೆಲ್ಲ ಕರಗಿ ಹೋಯಿತು.
ಬಲಗೈಯನ್ನೂ ಹಿಡಿದ, ಸುಮ್ಮನೆ.

"ಆವತ್ತು ಎಷ್ಟು ಹೊತ್ತಿಗೆ ಬಂದಿತ್ತಪ್ಪ ಗಾಡಿ?"
"ಯಾವ ಗಾಡಿರೀ?" ಅಂದ,
ತಟ್ಟೆ ತಗೊಂಡು ಸಾಲಿನಲ್ಲಿ ನಿಂತ.
ಹಳದಿ ಚೀಟಿ ಇನ್ನೂ ಕೊರಳಲ್ಲಿತ್ತು.