ಹತ್ತನೇ ನಂಬರಿನ ಚಪ್ಪಲಿ

ಹಾಸನದ ಬಸ್‌ಸ್ಟ್ಯಾಂಡಿಂದ ಕೂಗಳತೆಯ ನಮ್ಮ ಲಾಡ್ಜಿಗೆ
ರಾತ್ರಿ ಹತ್ತೂಕಾಲಿಗೆ ಬಂದಳು,
ಬೆನ್ನ ಮೇಲೆ ತನ್ನಷ್ಟೇ ಭಾರದ ಚೀಲ.
ಸಿ ಫಾರಮ್ಮಿನಲ್ಲಿ ಹೆಸರು ಮಾರ್ಯೆಟಾ, ದೇಶ ಸ್ಲೊವೇನಿಯಾ.
ನಮ್ಮ ರಿಜಿಸ್ಟರಿನ ‘ಜೊತೆಗೆ ಬಂದವರು’ ಅನ್ನೋ ಖಾನೆಯಲ್ಲಿ
ಒಂದು ಗೆರೆ ಎಳೆದಳು, ಕಾಗದ ಹರಿಯುವಷ್ಟು ಗಟ್ಟಿಯಾಗಿ.

ರೂಮಿನ ನಂಬರು ಬಾಯಲ್ಲಿ ಹೇಳಲಿಲ್ಲ ನಾನು.
ಸೋಫಾದಲ್ಲಿ ಟಿವಿ ನೋಡುವವರ ಕಿವಿ
ಟಿವಿ ಕಡೆ ಇರುವುದಿಲ್ಲ.
ಚೀಟಿಯಲ್ಲಿ ಬರೆದು ಜಾರಿಸಿದೆ: ಇನ್ನೂರ ನಾಲ್ಕು.
ಕೆಳಗಿನದು ಬೇಡ, ಕಿಟಕಿಗೆ ರಸ್ತೆಯೇ ಬಂದು ನಿಲ್ಲುತ್ತದೆ.
ತುದಿ ಮಹಡಿ ಬೇಡ, ಟ್ಯಾಂಕ್ ನೋಡುವ ನೆಪದಲ್ಲಿ ಹುಡುಗರು ಹತ್ತುತ್ತಾರೆ.
ಇನ್ನೂರ ಐದರಲ್ಲಿ ಚನ್ನರಾಯಪಟ್ಟಣದ ಸಂಸಾರ,
ಮಗುವಿಗೆ ಕೆಮ್ಮು,
ರಾತ್ರಿಯಿಡೀ ಯಾರಾದರೊಬ್ಬರು ಎದ್ದಿರುತ್ತಾರೆ.

ನನ್ನ ಇಂಗ್ಲಿಷು ಅರಸೀಕೆರೆ ಪ್ಯಾಸೆಂಜರು,
ಎಲ್ಲ ಸ್ಟೇಷನ್ನಲ್ಲೂ ನಿಂತು ನಿಂತು ಹೊರಟಿತು:
ಚಿಲಕ ಹಾಕಿದ ಮೇಲೆ ಒಮ್ಮೆ ಎಳೆದು ನೋಡು.
ಬಚ್ಚಲ ಗವಾಕ್ಷಿಗೆ ಟವೆಲ್ ಕಟ್ಟು.
ಟೀ ಬೇಕಾ ಅಂತ ಬಡಿದರೆ ತೆಗೆಯಬೇಡ,
ನಮ್ಮಲ್ಲಿ ಟೀ ಇಲ್ಲ.
ಆಟೋದವನು ಒಬ್ಬಳೇನಾ ಅಂದರೆ
ಗಂಡ ಹಿಂದಿನ ಬಸ್ಸಲ್ಲಿ ಬರ್ತಿದ್ದಾನೆ ಅನ್ನು.

ಗಂಡ ಇಲ್ಲವಲ್ಲ, ಅಂದಳು.
ಹಿಂದೆ ಬಸ್ಸೂ ಇಲ್ಲ, ಅಂದೆ.

ಆಮೇಲೆ ಕೌಂಟರಿನ ಕೆಳಗಿಂದ ಚಪ್ಪಲಿ ತೆಗೆದೆ.
ಗಂಡಸರದು, ಹತ್ತನೇ ನಂಬರು, ಕಂದು ಚರ್ಮ,
ಹೆಬ್ಬೆರಳ ಜಾಗ ಕುಳಿಬಿದ್ದದ್ದು.
ಬಾಗಿಲ ಹೊರಗಿಡು,
ಯಾರೋ ಈಗಷ್ಟೇ ಬಿಟ್ಟು ಒಳಗೆ ಹೋದ ಹಾಗೆ,
ಒಂದು ಸ್ವಲ್ಪ ಸೊಟ್ಟಗೆ.

ಆರು ವರ್ಷದಿಂದ ಕಾದಿವೆ ಇವು,
ಪರೀಕ್ಷೆ ಬರೆಯಲು ಬಂದ ಹುಡುಗಿಯರನ್ನು,
ಕೋರ್ಟಿನ ತಾರೀಖಿಗೆ ಸಕಲೇಶಪುರದಿಂದ ಬರುವ ಹೆಂಗಸನ್ನು,
ಔಷಧಿ ಕಂಪನಿಯ ಫರ್ಹಾನಾಳನ್ನು.
ಯಾರ ಚಪ್ಪಲಿ ಅಂತ ಫರ್ಹಾನಾ ಒಬ್ಬಳೇ ಕೇಳಿದ್ದು.
ನಮ್ಮ ಮನೆಯವರದು, ಅಂದೆ.
ಬಿಟ್ಟುಹೋದರು, ಇವನ್ನೂ, ನನ್ನನ್ನೂ.
ಅವರ ಕಾಲು ಒಳಗಿದ್ದಾಗ
ಯಾರನ್ನೂ ಕಾಯಲಿಲ್ಲ ಇವು.
ಮೆಟ್ಟಿಲ ಮೇಲೆ ಇವುಗಳ ಸದ್ದಾದರೆ
ನಾನೇ ಚಿಲಕ ಹುಡುಕುತ್ತಿದ್ದೆ.
ಖಾಲಿಯಾದ ಮೇಲೇ ಒಳ್ಳೆಯವಾದವು.

ಬೆಳಿಗ್ಗೆ ಏಳಕ್ಕೆ ಮಾರ್ಯೆಟಾ ಇಳಿದು ಬಂದಳು.
ಕಾಲಲ್ಲಿ ಅವೇ.
ಬಾಯಿಬಿಟ್ಟ ಶೂ ಚೀಲಕ್ಕೆ ನೇತಾಡುತ್ತಿತ್ತು.
ಸರಿಹೋಗ್ತವೆ ನೋಡು ಅಂತ ಒಂದು ಕಾಲೆತ್ತಿದಳು.
ಹೆಬ್ಬೆರಳು ಹಳೇ ಕುಳಿಯಲ್ಲಿ ಕೂತಿರಲಿಲ್ಲ,
ಪಕ್ಕದಲ್ಲೇ ಬೇರೆ ಜಾಗ ಮಾಡಿಕೊಂಡಿತ್ತು.
ಆರಡಿ ಹೆಂಗಸು. ಅಳತೆಯ ಮಾತು
ನನಗೆ ಹೊಳೆದೇ ಇರಲಿಲ್ಲ.

ಬೇಡ ಅನ್ನಬಹುದಿತ್ತು.
ಬೇಲೂರಲ್ಲಿ ಗುಡಿ ಹೊರಗೆ ಬಿಡಬೇಕು, ಟೋಕನ್ ಮರೀಬೇಡ, ಅಂದೆ.
ಹಳೇಬೀಡು ಮುಗಿಸಿ
ಕತ್ತಲಾಗೋ ಮುಂಚೆ ಚಿಕ್ಕಮಗಳೂರು ಸೇರಿಕೋ, ಅಂದೆ.
ಬಾರು, ಮನೆ ಬಿಟ್ಟರೆ ಮೂರನೇ ದಾರಿ ಕಾಣದ ಚಪ್ಪಲಿ
ಪಟಪಟ ಬಡಿಯುತ್ತ ರಸ್ತೆ ದಾಟಿ
ಬೇಲೂರಿನ ಬಸ್ಸು ಹತ್ತಿದವು.
ಆ ಸದ್ದಿಗೆ ಎದೆ ಒಂದು ಸಲ ಹೊಡೆದುಕೊಂಡಿತು,
ಹಳೇ ಅಭ್ಯಾಸ.

ಇವತ್ತು ಇನ್ನೂರ ನಾಲ್ಕರಲ್ಲಿ ಅರಕಲಗೂಡಿನ ಹುಡುಗಿ,
ನಾಳೆ ಇಂಟರ್‌ವ್ಯೂ.
ಚಿಲಕ ಎಳೆದು ನೋಡಿದೆಯಾ? ನೋಡಿದೆ ಆಂಟಿ.
ಕೌಂಟರಿನ ಕೆಳಗೆ ಕೈ ಹಾಕಿದರೆ
ಧೂಳಲ್ಲಿ ಎರಡು ಪಾದದ ಆಕಾರ, ಅಷ್ಟೇ.

ಮೇಲೆ ಹೋಗಿ ನನ್ನವನ್ನೇ ಬಿಟ್ಟೆ, ಅವಳವುಗಳ ಪಕ್ಕ.
ಐದನೇ ನಂಬರು, ನೀಲಿ ಹವಾಯಿ.
ಎರಡು ಜೊತೆ, ಎರಡೂ ಹೆಂಗಸರವೇ.
ಒಂದು ಸ್ವಲ್ಪ ಸೊಟ್ಟಗೆ.
ನೋಡೋಣ.
ಮೊಸಾಯಿಕ್ ಮೆಟ್ಟಿಲು ಕೊರೆಯುತ್ತಿತ್ತು, ಬರಿಗಾಲಲ್ಲಿ ಇಳಿದು
ಕುರ್ಚಿಯನ್ನು ಟಿವಿ ಕಡೆಯಿಂದ
ಮೆಟ್ಟಿಲ ಕಡೆಗೆ ತಿರುಗಿಸಿಕೊಂಡು ಕೂತೆ.