ಸ್ಮರಣ ಸಂಚಿಕೆಗೆ ಪುರ್ಸು ಹೇಳಿದ್ದು

ನಿಮ್ಮ ಕಾಗದದಲ್ಲಿ ನಾಲ್ಕು ಮನೆ ಇವೆ, ಅಕ್ಕೋರೇ:
ಕಟ್ಟಡದ ಹೆಸರು, ಕಟ್ಟಿದ ವರ್ಷ, ಉದ್ಘಾಟಿಸಿದವರು, ಖರ್ಚು.
ನನಗೆ ಗೊತ್ತಿರುವುದು ಯಾವ ಬೀಗಕ್ಕೆ
ಯಾವ ತಿಂಗಳು ಎಣ್ಣೆ ಬಿಡಬೇಕು ಎಂಬುದು.

ಆದರೂ ಬರಕೊಳ್ಳಿ.

ಈ ಗ್ರಂಥಾಲಯ ಮೊದಲು ಸುಂಕದ ಕಟ್ಟೆ.
ಚಿರೆಕಲ್ಲು, ಚಿಪ್ಪಿನ ಸುಣ್ಣ. ಗೋಡೆ ಎಷ್ಟು ದಪ್ಪವೆಂದರೆ
ಕಿಟಕಿಯಲ್ಲಿ ಒಬ್ಬ ಕಾಲು ಚಾಚಿ ಮಲಗಬಹುದು.
ಮಲಗಿದ್ದೇನೆ.
ಮುಂಬೈ ಸರಕಾರ ಇದ್ದಾಗ ಗೋವೆಯ ದೋಣಿಗಳು
ಅಳಿವೆ ದಾಟಿ ಇಲ್ಲೇ ನಿಂತು ಗಂಟು ಬಿಚ್ಚಬೇಕಿತ್ತು.
ನನ್ನ ಅಜ್ಜಿಯ ತಮ್ಮ
ಒಣಮೀನಿನ ಬುಟ್ಟಿಯಲ್ಲಿ ಆರು ಗಡಿಯಾರ ಹುಗಿದು ತಂದು
ಸಿಕ್ಕಿಬಿದ್ದದ್ದು ಈಗ ನೀವು ಪತ್ರಿಕೆ ಓದುವ ಮೂಲೆಯಲ್ಲಿ.
ಆರೂ ಒಟ್ಟಿಗೆ ಟಿಕ್ ಟಿಕ್ ಅಂದವಂತೆ.
ಹೆಸರು ಹಾಕಬೇಡಿ.

ಹೊಸ ಕಟ್ಟಡ, ಹೊಸ ಕಟ್ಟಡ ಅನ್ನುತ್ತೀರಲ್ಲ,
ಅದರ ತಾರಸಿ ನಾಲ್ಕನೇ ಸಲ ಸೋರುತ್ತಿದೆ.
ಅದರಾಚೆ ಎದ್ದ ಗಾಜಿನದಕ್ಕೆ ಇನ್ನೂ ಹೆಸರಿಲ್ಲ,
ಹುಡುಗರು ಫ್ರಿಜ್ ಅನ್ನುತ್ತಾರೆ.

ಈ ಉದ್ದ ಮೂತಿಯ ಕೀಲಿ ಉಪ್ಪಿನ ಕೋಠಿಯದು.
ಕೋಠಿ ಇಲ್ಲ.
ನಾಲ್ಕು ಪಥದ ರಸ್ತೆಗೆ ಅಳತೆ ಹಿಡಿದವರು
ಅದರ ಗೋಡೆಗೆ ಕೆಂಪು ಗೀಟು ಎಳೆದ ಸಂಜೆ
ದಿನದಂತೆ ಹೋಗಿ ಬೀಗ ಹಾಕಿ ಬಂದೆ.
ಹಾಕಿದ್ದಂತೆಯೇ ಕೆಡವಿದರು.
ಗೋಡೆ ಬಿದ್ದ ಮೇಲೂ ಅರ್ಧ ದಿನ
ಬಾಗಿಲೊಂದೇ ನಿಂತಿತ್ತು, ಸುತ್ತಲೂ ಬಯಲು,
ಒಂದು ನಾಯಿ ಮಾತ್ರ ಅದನ್ನು ಬಳಸಿಕೊಂಡು ಹೋಯಿತು.
ಈಗಲೂ ಪ್ರತಿ ಮಳೆಗೆ ಡಾಂಬರು ಮೊದಲು ಏಳುವುದು ಅಲ್ಲೇ.
ಕೀಲಿಯನ್ನು ಲೆಕ್ಕದಿಂದ ತೆಗೆಯಲು ಅರ್ಜಿ ಕೊಟ್ಟಿದ್ದೆ,
ಬೀಗ ಹಾಜರುಪಡಿಸಿ ಎಂದು ಉತ್ತರ ಬಂತು.

ಧ್ವಜಕಂಬ ಒಂದು ಮುಳುಗಿದ ಮಚವೆಯ ಕೂವೆಮರ.
ಗಾಳಿ ತೆಂಕಕ್ಕೆ ತಿರುಗಿದರೆ ಬುಡದಲ್ಲಿ ಕಿರುಗುಟ್ಟುತ್ತದೆ.
ಅದನ್ನು ಯಾವ ಮನೆಯಲ್ಲಿ ಬರೆಯುತ್ತೀರಿ?

ಇನ್ನು ಆ ತಿಮಿಂಗಿಲ.
ಮಾಜಾಳಿಯ ದಂಡೆಗೆ ಬಂದು ಬಿದ್ದದ್ದು ನಾನು ಕೆಲಸಕ್ಕೆ ಸೇರಿದ ವರ್ಷ.
ಹೊಂಡ ತೋಡಿದ ಹಾಲಕ್ಕಿಗಳಲ್ಲಿ ಬೀರು ಗೌಡ
ನಾತಕ್ಕೆ ಮೂರು ದಿನ ಅನ್ನ ಮುಟ್ಟಲಿಲ್ಲ.
ಎರಡು ಮಳೆಗಾಲ ಹೊಯ್ಗೆಯೊಳಗಿಟ್ಟು ತೆಗೆದರೆ
ಎಲುಬು ತೊಳೆದ ಪಿಂಗಾಣಿ.
ರಾತ್ರಿ ಕಾವಲು ನನ್ನದು.
ಬೆಳಿಗ್ಗೆ ಎಣಿಸಿದರು: ಬೆನ್ನಿನ ಮಣಿ ಒಂದು ಕಮ್ಮಿ.
ನರಿ ಎಳೆದಿರಬೇಕು ಅಂದೆ.
ಪ್ರಾಧ್ಯಾಪಕರು ನಂಬಿದರು. ಪಾಪ, ಬಯಲುಸೀಮೆಯವರು.

ದೋಣಿ ಮಾಡುವ ಶಾಬಾ ಮೇಸ್ತ
ಹಲಸಿನ ಕೊರಡಿನಲ್ಲಿ ಒಂದು ಕೆತ್ತಿ ಕೊಟ್ಟ.
ಸುಣ್ಣ ಬಳಿದು, ಹದಿನೇಳು ಎಂದು ಬರೆದು, ಸರಳಿಗೆ ಪೋಣಿಸಿದರು.
ಎಷ್ಟು ತಂಡದ ಮಕ್ಕಳು ಅದನ್ನು ನೋಡಿ ಚಿತ್ರ ಬರೆದು
ಅಂಕ ಪಡೆದು ಹೋದರು!
ಆಷಾಢದಲ್ಲಿ ಅದೊಂದೇ ಉಬ್ಬುತ್ತದೆ,
ಎಡಬಲದವುಗಳನ್ನು ನೂಕುತ್ತದೆ,
ಸತ್ತ ಮೀನು ರಾತ್ರಿ ಕಿರ್ ಅನ್ನುತ್ತದೆ.
ದೀಪಾವಳಿಯ ಹೊತ್ತಿಗೆ ತಾನಾಗಿ ತಣ್ಣಗಾಗುತ್ತದೆ.

ನರಿ ಇರಲಿಲ್ಲ, ಅಕ್ಕೋರೇ.
ಆಯಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ.
ನೆಲಕ್ಕೆ ಕೂತು ಈಳಿಗೆಯಲ್ಲಿ ಬಂಗಡೆ ಕೊಯ್ಯುವಾಗ
ದೇವರನ್ನೂ ನನ್ನನ್ನೂ ಒಟ್ಟಿಗೇ ಬೈಯುತ್ತಿದ್ದಳು.
ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ತಂದೆ.
ಹೇಳಿ ಮಾಡಿಸಿದ ಎತ್ತರ.
ಇಪ್ಪತ್ತೆರಡು ವರ್ಷ ಕೂತಳು.
ಈಗ ಅದರ ಮೇಲೆ ಒಂದು ನುಣುಪು ಇದೆ,
ಅವಳು ಎದ್ದು ನೀರಿಗೆ ಹೋದ ಹಾಗೆ.

ತಿರುಗಿ ತರಬೇಕೆಂದು ಎರಡು ಸಲ ಚೀಲಕ್ಕೆ ಹಾಕಿದ್ದೆ.
ಶಾಬಾನದನ್ನು ಬಿಚ್ಚಿ ಎಲ್ಲಿಡುವುದು?
ಅದೂ ನನ್ನ ಹಾಗೆ ಇಲ್ಲೇ ಕೆಲಸ ಮಾಡಿದ್ದು,
ಅದಕ್ಕೆ ನಿವೃತ್ತಿ ಇಲ್ಲ.

ಬರೆದುಬಿಟ್ಟಿರೇ?
ಹೊಡೆದುಹಾಕಿ. ನರಿ ಎಂದೇ ಇರಲಿ.
ಕೊನೆಯ ಮನೆಯಲ್ಲಿ ಏನು ಕೇಳಿದ್ದಾರೆ, ಖರ್ಚೇ?
ಹಲಸಿನ ಕೊರಡು, ಹದಿನೆಂಟು ರೂಪಾಯಿ.
ರಸೀದಿ ಇದೆ.