ಕಾಲು ಸುತ್ತು

ಮೊದಲ ವರ್ಷ ಸೋರೆಬುರುಡೆ ಕಟ್ಟಿದೆ.
ಬೀಜ ಕೆರೆದು, ಬಿಸಿಲಿಗಿಟ್ಟು,
ಒಂದೂಕಾಲಿಂಚು ಪೈಪನ್ನೇ ಅಳತೆ ಹಿಡಿದು
ಬಾಯಿ ಕೊರೆದೆ.
ಕಣಜ ಬಂದು ಸಂಸಾರ ಹೂಡಿತು.
ನನ್ನ ಕೈಯಾಳು ಇಮ್ತಿಯಾಜ್ ಮೂರು ದಿನ
ಒಂದೇ ಕಣ್ಣಲ್ಲಿ ಕೆಲಸ ಮಾಡಿದ.

ಎರಡನೆಯ ವರ್ಷ ಪೆಟ್ಟಿಗೆ,
ಮಾವಿನ ಮಂಡಿಯ ಹಳೇ ಹಲಗೆ.
ಅಳಿಲು ಬಂತು. ಹಾಸಿಗೆಗೆ
ನನ್ನ ಚೀಲದ ಸೆಣಬನ್ನೇ ಕದ್ದಿತು.
ಇರಲಿ ಅಂದೆ.
ಕರೆದದ್ದು ಅದನ್ನಲ್ಲ.

ಕರೆದದ್ದು, ಸಂಜೆ ಮುಳಬಾಗಿಲ ಕೆರೆಯಂಚಿನ ತಂತಿ ಮೇಲೆ
ಕತ್ತರಿ ಬಾಲ ಇಳಿಬಿಟ್ಟು ಕೂರುವವನ್ನು:
ಕತ್ತಿಗಿಷ್ಟು ಜಾಜು, ಸೊಂಟಕ್ಕಿಷ್ಟು ಜಾಜು,
ಬೆನ್ನಿಗೆ ಪೆನ್ನಿನ ಮಸಿ.
ಅಂಬರಗುಬ್ಬಿ ಅಂತಾರೆ.
ನಮ್ಮಜ್ಜಿ ತೆಲುಗಲ್ಲಿ ಬೇರೇನೋ ಅಂತಿದ್ದಳು, ಮರೆತೆ.

ಹುಣಸೆ ಜಜ್ಜುತ್ತ ಓನರು ಮುನಿಲಕ್ಷ್ಮಮ್ಮ ಅಂದರು,
‘ಅವುಕ್ಕೆ ಮನೆ ಯಾಕಪ್ಪ ಕಟ್ತೀಯ,
ಮಣ್ಣು ಕೊಡು. ಅವೇ ಕಟ್ಕೊಳ್ತವೆ.’
ಮಣ್ಣು ಬೇಕಾದಷ್ಟಿದೆ ಈ ಸೀಮೆಯಲ್ಲಿ.
ಕೆಸರೆಲ್ಲಿ?
ಬೋರು ಸಾವಿರದ ಮುನ್ನೂರು ಅಡಿ,
ಟ್ಯಾಂಕರು ಬರುವುದು ಮಂಗಳವಾರ.

ಹತ್ತೊಂಬತ್ತು ವರ್ಷದಿಂದ
ಊರಿನ ಸೋರಿಕೆ ಮುಚ್ಚುತ್ತ ಬಂದ ಕೈ ಇದು.
ಆವತ್ತು ಹಿತ್ತಲ ಜಾಯಿಂಟಿಗೆ ರೆಂಚು ಹಾಕಿ
ಎಡಕ್ಕೆ ಕಾಲು ಸುತ್ತು ತಿರುಗಿಸಿದೆ,
ಯಾರಾದರೂ ನೋಡಿದರೇನೋ ಅಂತ
ಹಿಂದೆ ತಿರುಗಿದೆ.
ತೊಟ್. ಆಮೇಲೆ ಬಹಳ ಹೊತ್ತಿಗೆ, ತೊಟ್.

ಅಂಗೈಯಗಲ ಕೆಸರಾಯಿತು.
ನಾಲ್ಕನೆಯ ಬೆಳಿಗ್ಗೆ ಎರಡು ಇಳಿದವು,
ನೆರಿಗೆ ನೆನೆಯದಂತೆ ಸೀರೆ ಎತ್ತಿ ಹಿಡಿದವರ ಹಾಗೆ
ರೆಕ್ಕೆ ಮೇಲೆತ್ತಿಕೊಂಡೇ.
ಕೊಕ್ಕಿಗೊಂದು ಉಂಡೆ, ಕಡಲೆಗಿಂತ ಸಣ್ಣದು,
ಮೆಟ್ಟಿಲ ಅಡಿಗೆ.
ಬಿಸಿಲೇರಿದರೆ ಕೆಲಸ ಬಂದ್,
ವರಸೆ ಒಣಗಬೇಕು, ಗಾರೆಯವರಿಗೂ ಗೊತ್ತು ಅದು.
ಇಮ್ತಿಯಾಜ್ ಮುನ್ನೂರರವರೆಗೆ ಎಣಿಸಿದ,
ಅಷ್ಟರಲ್ಲಿ ಯಾರದೋ ಕಮೋಡು ಕಟ್ಟಿಕೊಂಡು ಫೋನು ಬಂತು.

ಹನ್ನೊಂದು ದಿನಕ್ಕೆ ನೋಡಿದರೆ
ಮಗುಚಿ ಮಲಗಿಸಿದ ಹೂಜಿ,
ಅದರ ಕತ್ತು ಅಪ್ಪಟ ಎಲ್ಬೋ.
ಟೇಪಿಲ್ಲ, ಸೆಣಬಿಲ್ಲ, ಎಂಸೀಲಿಲ್ಲ.
ಮೆಟ್ಟಿಲ ಕೆಳಗೆ ಕೂತು ನನ್ನ ಬೆರಳು ನೋಡಿಕೊಂಡೆ.

ನೀರಿನ ದುಡ್ಡು ಬಾಡಿಗೆಗೆ ಸೇರಿಸ್ತೀನಿ ಅಂದಿದ್ದ
ಮುನಿಲಕ್ಷ್ಮಮ್ಮ ರಾತ್ರಿ ಬಂದು
ಜಾಯಿಂಟಿನಡಿ ಬಕೆಟ್ ಇಡುತ್ತಿದ್ದರು.
ಬೆಳಕು ಹರಿಯುವ ಮೊದಲು ತೆಗೆಯುತ್ತಿದ್ದರು.
ಅವುಕ್ಕೇನು ನೈಟ್ ಡ್ಯೂಟಿನಾ, ಅಂದರು.

ಗೂಡು ಮುಗಿದ ಸಂಜೆ ರೆಂಚು ತಗೊಂಡು ಹೋದೆ.
‘ಇರಲಿ ಬಿಡು’ ಅಂದರು,
ಬಕೆಟ್ಟಿನ ನೀರಲ್ಲಿ ಬಟ್ಟೆ ಜಾಲಿಸುತ್ತ,
ತಲೆ ಎತ್ತದೆ.